ಘಾಟಿ ರಸ್ತೆಗೆ ಕಾಯಿಲ್‌ಓವರ್: ಇಳಿಸುವ ಮೊದಲು ಅಳೆಯಿರಿ

ಆಲ್ದೂರು ಕಡೆಯ ಹುಡುಗನೊಬ್ಬ ಹಳೆಯ ಪೋಲೊ ಜಿಟಿ ಟಿಎಸ್‌ಐ ಕೊಂಡ. ಕೊಂಡ ವಾರಕ್ಕೇ ಫೋನ್ ಮಾಡಿ, "ಅಣ್ಣಾ, ಕಾಯಿಲ್‌ಓವರ್ ಹಾಕಿಸ್ಬೇಕು. ಯಾವ ಕಂಪನಿದು ತಗೊಳ್ಲಿ?" ಎಂದ. ಕಾಯಿಲ್‌ಓವರ್ ಅಂದರೆ ಕಾರಿನ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕ್ ಜೋಡಿ. "ಕಂಪನಿ ಆಮೇಲೆ ನೋಡೋಣ. ಮೊದಲು ಒಂದು ಕೇಬಲ್ ಟೈ ತಗೊಂಡು ಬಾ" ಎಂದೆ.

ಭಾನುವಾರ ಬೆಳಿಗ್ಗೆ ನಮ್ಮ ಮನೆ ಶೆಡ್ಡಿನಲ್ಲಿ ಮುಂದಿನ ಚಕ್ರ ಬಿಚ್ಚಿದೆವು. ಶಾಕ್ ಅಬ್ಸಾರ್ಬರ್ ಮೇಲಿರುವ ರಬ್ಬರ್ ಬೂಟನ್ನು ಮೇಲಕ್ಕೆ ಸರಿಸಿದರೆ ಒಳಗೆ ಹೊಳೆಯುವ ರಾಡ್ ಕಾಣುತ್ತದೆ. ಆ ರಾಡಿಗೆ ಟೈ ಸುತ್ತಿ, ಒತ್ತಿದರೆ ಜಾರುವಷ್ಟು ಮಾತ್ರ ಬಿಗಿ ಮಾಡಿದೆವು. ಚಕ್ರ ಮೇಲೆ ಬಂದಾಗ ಶಾಕ್‌ನ ಕೊಳವೆ ಟೈಯನ್ನು ಮೇಲಕ್ಕೆ ತಳ್ಳುತ್ತದೆ. ಚಕ್ರ ಕೆಳಗೆ ಹೋದರೂ ಟೈ ತಳ್ಳಿದ ಜಾಗದಲ್ಲೇ ಉಳಿಯುತ್ತದೆ. ಕಾರು ನೆಲದ ಮೇಲೆ ನಿಂತಾಗ ಕೊಳವೆಗೂ ಟೈಗೂ ಇರುವ ಅಂತರ ಅಳೆದರೆ ಸಾಕು. ಆ ಪ್ರಯಾಣದಲ್ಲಿ ಚಕ್ರ ಅತಿ ಹೆಚ್ಚು ಎಷ್ಟು ಮೇಲೆ ಬಂದಿತ್ತು ಎಂಬ ಲೆಕ್ಕ ಸಿಕ್ಕಿಬಿಡುತ್ತದೆ.

ಕೈಮರ ದಾಟಿ ಮುಳ್ಳಯ್ಯನಗಿರಿಗೆ ಹೋದೆವು. 1,930 ಮೀಟರ್ ಎತ್ತರದ ಬೆಟ್ಟ, ಇಕ್ಕಟ್ಟಾದ ದಾರಿ, ತಿರುವಿನ ಮೇಲೆ ತಿರುವು. ಹುಡುಗ ಚೆನ್ನಾಗಿಯೇ ಓಡಿಸಿದ. ಮೇಲೆ ನಿಲ್ಲಿಸಿ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಸಂದಿಯಲ್ಲಿ ಕೈ ಹಾಕಿ ಅಳೆದರೆ 31 ಮಿ.ಮೀ. ವಾಪಸ್ ಬರುವಾಗ ಊರ ಹತ್ತಿರ ಒಂದು ಹಂಪ್ ಇತ್ತು. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಗಮನಿಸುವಷ್ಟರಲ್ಲಿ ಅದರ ಮೇಲೆ ಹೋಗಿದ್ದೆವು. ಮನೆಗೆ ಬಂದು ನೋಡಿದರೆ ಟೈ 58 ಮಿ.ಮೀ. ಮೇಲೆ ಹೋಗಿ ಬಂಪ್ ಸ್ಟಾಪ್ ರಬ್ಬರಿನಲ್ಲಿ, ಅಂದರೆ ಕೊನೆಯ ಏಟು ತಡೆಯಲು ರಾಡಿನ ಮೇಲ್ತುದಿಯಲ್ಲಿರುವ ರಬ್ಬರ್ ತುಂಡಿನಲ್ಲಿ, ಕಚ್ಚಿಕೊಂಡಿತ್ತು.

ಅಷ್ಟೂ ತಿರುವುಗಳು ಸೇರಿ ಕೇಳಿದ್ದು 31. ಒಂದೇ ಒಂದು ಹಂಪ್ ಕೇಳಿದ್ದು 58. ಹುಡುಗನ ತಲೆಯಲ್ಲಿದ್ದ ಪ್ಲಾನ್ ಪ್ರಕಾರ ಕಾರು 40 ಮಿ.ಮೀ. ಇಳಿಯಬೇಕಿತ್ತು. ಆ 40 ಮಿ.ಮೀ. ಎಲ್ಲಿಂದ ತರೋದು? ಕಾಯಿಲ್‌ಓವರ್ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಬ್ರ್ಯಾಂಡು, ಬಿಗಿ ಬದಲಿಸುವ ನಾಬ್‌ನ ಕ್ಲಿಕ್ಕುಗಳ ಸಂಖ್ಯೆ, ಬಣ್ಣ ಎಲ್ಲ ಆಮೇಲೆ.

ಏನಿದು ಕಾಯಿಲ್‌ಓವರ್?

ಕಾಯಿಲ್ ಅಂದರೆ ಸುರುಳಿ ಸ್ಪ್ರಿಂಗ್. ಅದು ಶಾಕ್ ಅಬ್ಸಾರ್ಬರ್ ಸುತ್ತ ಕೂತಿದ್ದರೆ ಕಾಯಿಲ್‌ಓವರ್. ಹಾಗೆ ನೋಡಿದರೆ ಸ್ವಿಫ್ಟ್, ಪೋಲೊ ಕಾರುಗಳ ಮುಂದೆ ಕಂಪನಿಯಿಂದಲೇ ಬರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಕೂಡ ಅದೇ ರೀತಿಯದು. ಅಂಗಡಿಯಲ್ಲಿ ಕಾಯಿಲ್‌ಓವರ್ ಎಂದು ಮಾರುವುದರಲ್ಲಿ ಇನ್ನೊಂದು ವಿಶೇಷ ಇರುತ್ತದೆ. ಶಾಕ್‌ನ ಹೊರಮೈಗೆ ಬೋಲ್ಟಿಗಿರುವಂತೆ ಥ್ರೆಡ್ ಇರುತ್ತದೆ. ಅದರ ಮೇಲೆ ಒಂದು ಕಾಲರ್ ತಿರುಗುತ್ತದೆ, ಸ್ಪ್ರಿಂಗ್ ಆ ಕಾಲರ್ ಮೇಲೆ ಕೂರುತ್ತದೆ. ಕಾಲರ್ ಇಳಿಸಿದರೆ ಕಾರು ಇಳಿಯುತ್ತದೆ, ಏರಿಸಿದರೆ ಏರುತ್ತದೆ.

ಇದೇ ಕಾರುಗಳ ಹಿಂದೆ ಟಾರ್ಷನ್ ಬೀಮ್ ಇದೆ, ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದು ತೊಲೆ. ಅಲ್ಲಿ ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ. ಹಾಗಾಗಿ ಇಂಥ ಕಾರಿಗೆ ಸಿಗುವ ಕಿಟ್‌ನಲ್ಲಿ ಹಿಂದಿನ ಭಾಗಕ್ಕೆ ಬೇರೆ ಸ್ಪ್ರಿಂಗ್, ಅದರ ಕೆಳಗೆ ಎತ್ತರ ಹೊಂದಿಸುವ ಒಂದು ಬಟ್ಟಲು, ಬೇರೆ ಶಾಕ್ ಬರುತ್ತವೆ. ಪೆಟ್ಟಿಗೆ ಬಿಚ್ಚಿದಾಗ "ಹಿಂದಿಂದು ಬೇರೆ ಥರ ಇದೆಯಲ್ಲ" ಎಂದು ಗಾಬರಿಯಾಗಬೇಡಿ.

ಸ್ಪ್ರಿಂಗ್ ಕೆಲಸ ಭಾರ ಹೊರುವುದು. ಶಾಕ್ ಕೆಲಸ ಕುಣಿತ ನಿಲ್ಲಿಸುವುದು. ಸ್ಪ್ರಿಂಗ್ ಒತ್ತಿ ಬಿಟ್ಟರೆ ಅದು ಪುಟಿಯುತ್ತಲೇ ಇರುತ್ತದೆ. ಶಾಕ್‌ನೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಆ ಶಕ್ತಿಯನ್ನು ಬಿಸಿಯಾಗಿ ಮಾಡಿ ಮುಗಿಸುತ್ತದೆ. ಚಾರ್ಮಾಡಿ ಇಳಿದು ನಿಲ್ಲಿಸಿದಾಗ ಶಾಕ್ ಮುಟ್ಟಿ ನೋಡಿ, ಬಿಸಿ ಗೊತ್ತಾಗುತ್ತದೆ.

ಎತ್ತರ ಹೊಂದಿಸುವುದು ಎರಡು ಥರ

ಕಾಲರ್ ತಿರುಗಿಸಿ ಸ್ಪ್ರಿಂಗ್ ಕೆಳಗಿಳಿಸುವುದು ಮೊದಲನೆಯದು. ಇದರಲ್ಲಿ ಕಾರು ಇಳಿದಷ್ಟೂ ರಾಡ್ ಶಾಕ್ ಒಳಗೆ ಹೋಗಿರುತ್ತದೆ. 40 ಮಿ.ಮೀ. ಇಳಿಸಿದರೆ, ಚಕ್ರ ಮೇಲೆ ಬರಲು ಇದ್ದ ಜಾಗದಲ್ಲಿ 40 ಮಿ.ಮೀ. ಹೋಯಿತು.

ಎರಡನೆಯದರಲ್ಲಿ ಶಾಕ್‌ನ ಕೆಳಗಿನ ಬ್ರ್ಯಾಕೆಟ್ ಕೂಡ ಥ್ರೆಡ್ ಮೇಲೆ ತಿರುಗುತ್ತದೆ. ಇಡೀ ಶಾಕ್‌ನ ಉದ್ದವೇ ಕಡಿಮೆಯಾಗುವುದರಿಂದ ಒಳಗೆ ರಾಡ್ ಓಡಾಡುವ ಜಾಗ ಹಾಗೇ ಉಳಿಯುತ್ತದೆ. ಟೈನ್ ಕಂಪನಿಯ ಫ್ಲೆಕ್ಸ್ ಜಡ್, ಬಿ.ಸಿ. ರೇಸಿಂಗ್ ಕಂಪನಿಯ ಬಿ.ಆರ್. ಈ ಥರದವು. ಮಾರುವವರು ಇದನ್ನೇ ಜೋರಾಗಿ ಹೇಳುತ್ತಾರೆ. ಮಾತು ನಿಜ, ಆದರೆ ಅರ್ಧ ನಿಜ. ಶಾಕ್ ಒಳಗೆ ಜಾಗ ಉಳಿದರೂ ಟೈರಿಗೂ ಫೆಂಡರಿಗೂ ನಡುವೆ ಜಾಗ ಉಳಿಯಬೇಕಲ್ವಾ? ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಎಲ್ಲೂ ತಾಗಬಾರದಲ್ವಾ? ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ ಬಂದದ್ದಂತೂ ಬಂದೇ ಬಂತು.

ಹಂಪ್ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರ ಮಾರ್ಗಸೂಚಿಯಲ್ಲಿ ಹೇಳಿದ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಮುಂದಿನ, ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರ ಇರುವ ಸಣ್ಣ ಕಾರು ಅದರ ನಡುವೆ ಬಂದಾಗ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ. ಹೊಟ್ಟೆಯ ಕೆಳಗೆ ಉಬ್ಬಿ ಬರುವುದು 4.5 ಸೆಂ.ಮೀ. ಆಸುಪಾಸು ಅಷ್ಟೇ. ಇಳಿಸಿದ ಕಾರೂ ಆರಾಮಾಗಿ ದಾಟುತ್ತದೆ. ನಮ್ಮ ತೊಂದರೆ ಇರುವುದು ಊರವರು ಕಲ್ಲು, ಕಾಂಕ್ರೀಟ್ ಸುರಿದು ಒಂದು ಮೀಟರ್ ಅಗಲಕ್ಕೆ ಎಬ್ಬಿಸಿದ ದಿಣ್ಣೆಗಳಲ್ಲಿ. ಅಲ್ಲಿ ಚಕ್ರಗಳು ಆಚೆ ಈಚೆ ನೆಲದ ಮೇಲಿರುತ್ತವೆ, ದಿಣ್ಣೆ ಪೂರ್ತಿ ಎತ್ತರಕ್ಕೆ ಹೊಟ್ಟೆಯ ಕೆಳಗಿರುತ್ತದೆ. ಅದು 15 ಸೆಂ.ಮೀ. ಇದ್ದರೆ ನಿಮಗೆ 15 ಸೆಂ.ಮೀ.ಗಿಂತ ಜಾಸ್ತಿ ಜಾಗ ಬೇಕೇ ಬೇಕು. ನಿಮ್ಮ ಮನೆ ದಾರಿಯ ಅತಿ ಕೆಟ್ಟ ಹಂಪನ್ನು ಒಮ್ಮೆ ಟೇಪ್ ಹಿಡಿದು ಅಳೆದುಬಿಡಿ. ತೋಟದ ಗೇಟಿನ ಚರಂಡಿ ಪಟ್ಟಿಯನ್ನೂ ಬಿಡಬೇಡಿ.

ಜಾಸ್ತಿ ಇಳಿಸಿದರೆ ಇನ್ನೊಂದು ನಷ್ಟವೂ ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಾರಿನ ಮೈ ಒಂದು ಬಿಂದುವಿನ ಸುತ್ತ ಪಕ್ಕಕ್ಕೆ ವಾಲುತ್ತದೆ. ಅದನ್ನು ರೋಲ್ ಸೆಂಟರ್ ಅನ್ನುತ್ತಾರೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಇಳಿಸಿದಾಗ, ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ತೋಳು ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಆಗ ಕಾರಿನ ತೂಕದ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚಾಗಿ ರೋಲ್ ಸೆಂಟರ್ ಇಳಿದುಬಿಡುತ್ತದೆ. ಎರಡರ ನಡುವಿನ ಅಂತರ ಹೆಚ್ಚಾದಷ್ಟೂ ತಿರುವಿನಲ್ಲಿ ಮೈ ಹೆಚ್ಚು ವಾಲಲು ನೋಡುತ್ತದೆ. ಸ್ಟೇರಿಂಗ್ ರಾಡ್ ಕೂಡ ಓರೆಯಾಗುವುದರಿಂದ ಗುಂಡಿಗೆ ಬಿದ್ದಾಗ ಚಕ್ರ ತಾನಾಗಿ ತಿರುಗುತ್ತದೆ, ಕಾರು ಅತ್ತಿತ್ತ ಎಳೆಯುತ್ತದೆ. ನಮ್ಮ ರಸ್ತೆಗೆ 15ರಿಂದ 20 ಮಿ.ಮೀ.ಗಿಂತ ಜಾಸ್ತಿ ಇಳಿಸುವುದು ನನಗೆ ಸರಿ ಕಾಣುವುದಿಲ್ಲ. ಇಳಿಸದೇ ಇದ್ದರೂ ಒಳ್ಳೆಯ ಕಿಟ್ ತನ್ನ ಕೆಲಸ ಮಾಡುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಸಿಕ್ಕಿದೆ. ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳೊಳಗೆ ನಡೆದಿದೆ. ಆ ಚಾಂಪಿಯನ್‌ಶಿಪ್ ಅನ್ನು ನಮ್ಮ ದೇಶದ ಗೌರವ್ ಗಿಲ್ 2013, 2016, 2017ರಲ್ಲಿ ಗೆದ್ದರು. ಮಣ್ಣಿನ ರಸ್ತೆಗೆ ಸಿದ್ಧ ಮಾಡಿದ ರ್ಯಾಲಿ ಕಾರನ್ನು ಹತ್ತಿರದಿಂದ ನೋಡಿ. ಎತ್ತರಕ್ಕೆ ನಿಂತಿರುತ್ತದೆ. ಅದರ ದುಡ್ಡೆಲ್ಲ ಹೋಗಿರುವುದು ಚಕ್ರ ಮೇಲೆ ಕೆಳಗೆ ಓಡಾಡುವ ಜಾಗಕ್ಕೆ, ಆ ಓಟವನ್ನು ಹಿಡಿತದಲ್ಲಿಡುವ ಶಾಕ್‌ಗೆ.

ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು?

ಕಿಟ್‌ನ ಮೇಲೆ 4 ಕೆ, 6 ಕೆ, 8 ಕೆ ಎಂದು ಬರೆದಿರುತ್ತಾರೆ. 6 ಕೆ ಅಂದರೆ ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು 6 ಕೆ.ಜಿ. ಭಾರ ಬೇಕು. ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು, ಕಷ್ಟದ್ದೇನಲ್ಲ.

ಸುಮಾರು 1,100 ಕೆ.ಜಿ. ತೂಕದ ಮುಂದಿನ ಚಕ್ರ ಎಳೆಯುವ ಕಾರು ತೆಗೆದುಕೊಳ್ಳಿ. ಭಾರದಲ್ಲಿ ಹೆಚ್ಚಿನ ಪಾಲು ಮುಂದೆ ಇರುತ್ತದೆ. ಚಕ್ರ, ಬ್ರೇಕ್ ಇತ್ಯಾದಿ ಕಳೆದರೆ ಮುಂದಿನ ಒಂದು ಸ್ಪ್ರಿಂಗ್ ಮೇಲೆ 300 ಕೆ.ಜಿ. ಬೀಳುತ್ತದೆ ಎಂದುಕೊಳ್ಳೋಣ. ಸ್ಪ್ರಿಂಗ್ 2.4 ಕೆ ಇದ್ದರೆ ಕಾರು ನಿಂತಲ್ಲೇ 125 ಮಿ.ಮೀ. ಕುಗ್ಗಿರುತ್ತದೆ. 4 ಕೆ ಆದರೆ 75 ಮಿ.ಮೀ. 6 ಕೆ ಆದರೆ 50. 8 ಕೆ ಆದರೆ 37 ಚಿಲ್ಲರೆ.

ಈ ಕುಗ್ಗುವಿಕೆಯಿಂದ ಕಾರಿನ ಮೈ ಸೆಕೆಂಡಿಗೆ ಎಷ್ಟು ಸಲ ಕುಣಿಯಲು ನೋಡುತ್ತದೆ ಎಂದು ಗೊತ್ತಾಗುತ್ತದೆ. ಮಿ.ಮೀ. ಲೆಕ್ಕದ ಕುಗ್ಗುವಿಕೆಯ ವರ್ಗಮೂಲ ತೆಗೆದು, ಅದರಿಂದ 15.8 ಅನ್ನು ಭಾಗಿಸಿ. 125ಕ್ಕೆ 1.4 ಬರುತ್ತದೆ, 75ಕ್ಕೆ 1.8, 50ಕ್ಕೆ 2.2, 37ಕ್ಕೆ 2.6. ಮನೆಮಂದಿ ಓಡಾಡುವ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ಒಳಗೆ ಇರುತ್ತವೆ. ಚುರುಕು ಕಾರು 1.5ರಿಂದ 2. ಅದಕ್ಕಿಂತ ಮೇಲೆ ಹೋದರೆ ನುಣುಪಾದ ರೇಸ್ ಟ್ರ್ಯಾಕ್ ಬೇಕು. ಬೇಲೂರು ರಸ್ತೆಯಲ್ಲಿ ಹಾಸನಕ್ಕೆ ಹೋಗಿ ಬರುವವರಿಗೆ, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮದುವೆಗೆ ಹೋಗುವವರಿಗೆ 1.7, 1.8ರ ಹತ್ತಿರ ನಿಲ್ಲುವುದು ಒಳ್ಳೆಯದು.

ಆ ಕುಗ್ಗುವಿಕೆಗೆ ಇನ್ನೊಂದು ಅರ್ಥವೂ ಇದೆ. ಚಕ್ರ ಗುಂಡಿಗೆ ಇಳಿಯುವಾಗ ಅದನ್ನು ಕೆಳಕ್ಕೆ ಒತ್ತುವುದು ಸ್ಪ್ರಿಂಗ್. 8 ಕೆ ಸ್ಪ್ರಿಂಗ್ 37 ಮಿ.ಮೀ. ಮಾತ್ರ ಕುಗ್ಗಿದೆ. ಚಕ್ರ ಅಷ್ಟು ಇಳಿಯುವಷ್ಟರಲ್ಲಿ ಅದರ ಬಲ ಖಾಲಿ. 5 ಸೆಂ.ಮೀ. ಆಳದ ಗುಂಡಿ ಬಂದರೆ ಚಕ್ರ ಗಾಳಿಯಲ್ಲಿ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ಮಳೆಯಲ್ಲಿ, ಒಂದು ಕಡೆ ಬಂಡೆ ಒಂದು ಕಡೆ ಕಣಿವೆ ಇರುವಾಗ, ಆ ಕ್ಷಣ ಹೇಗಿರುತ್ತದೆ ಎಂದು ಓಡಿಸಿದವರಿಗೆ ಗೊತ್ತು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಿಡಿತ ಜಾಸ್ತಿ ಎಂಬ ನಂಬಿಕೆ ನುಣುಪು ಡಾಂಬರಿಗೆ ಮಾತ್ರ ಸರಿ.

ಬೇರೆ ಕಾರಿನ ನಂಬರ್ ನೋಡಿ ಸ್ಪ್ರಿಂಗ್ ಆರಿಸಬೇಡಿ. ಮಜ್ದಾ ಎಂಎಕ್ಸ್-5 ಥರದ, ಮುಂದೆ ಡಬಲ್ ವಿಷ್‌ಬೋನ್ (ಮೇಲೊಂದು ಕೆಳಗೊಂದು ತೋಳು) ಇರುವ ಕಾರಿನಲ್ಲಿ ಸ್ಪ್ರಿಂಗ್ ಚಕ್ರದಿಂದ ಒಳಗೆ ಕೂತಿರುತ್ತದೆ. ಚಕ್ರ 10 ಮಿ.ಮೀ. ಮೇಲೆ ಬಂದಾಗ ಸ್ಪ್ರಿಂಗ್ 7 ಮಿ.ಮೀ. ಕುಗ್ಗಿದರೆ, ಚಕ್ರಕ್ಕೆ ಸಿಗುವ ಬಿಗಿ 0.7ರ ವರ್ಗ, ಅಂದರೆ ಅರ್ಧಕ್ಕಿಂತ ಒಂಚೂರು ಕಡಿಮೆ. ಅಲ್ಲಿ 8 ಕೆ ಸ್ಪ್ರಿಂಗ್ ಚಕ್ರದ ಹತ್ತಿರ 4 ಕೆ ಹಾಗೆ ಕೆಲಸ ಮಾಡುತ್ತದೆ. ಸ್ಟ್ರಟ್ ಇರುವ ಕಾರಿನಲ್ಲಿ 8 ಕೆ ಅಂದರೆ ಹೆಚ್ಚುಕಡಿಮೆ 8 ಕೆ ಏಟೇ ಬೆನ್ನಿಗೆ ಬರುತ್ತದೆ.

ಇನ್ನೊಂದು ಮಾತು ಗ್ಯಾರೇಜುಗಳಲ್ಲಿ ಪದೇ ಪದೇ ಕೇಳುತ್ತೇನೆ: "ಕಾಲರ್ ಬಿಗಿ ಮಾಡಿ ಪ್ರೀಲೋಡ್ ಕೊಟ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ." ಪ್ರೀಲೋಡ್ ಅಂದರೆ ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಸ್ವಲ್ಪ ಒತ್ತಿಡುವುದು. ಇದರಿಂದ ಒಂದೇ ಅಂತರದ ಸುತ್ತುಗಳಿರುವ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. 6 ಕೆ ಇದ್ದದ್ದು 6 ಕೆಯಾಗಿಯೇ ಇರುತ್ತದೆ. ಕಾರು ಏರುತ್ತದೆ, ಚಕ್ರ ಕೆಳಗಿಳಿಯುವ ಜಾಗ ಕಡಿಮೆಯಾಗುತ್ತದೆ, ಅಷ್ಟೇ.

ಶಾಕ್: ನಿಜವಾಗಿ ದುಡ್ಡು ಹಾಕಬೇಕಾದ ಜಾಗ

ಶಾಕ್‌ನ ಬಿಗಿ ಬದಲಿಸುವ ನಾಬ್ ತಿರುಗಿಸಿದರೆ ಕ್ಲಿಕ್ ಕ್ಲಿಕ್ ಅನ್ನುತ್ತದೆ. ಹದಿನಾರು ಕ್ಲಿಕ್, ಮೂವತ್ತು ಕ್ಲಿಕ್. ಎಷ್ಟು ಕ್ಲಿಕ್ ಎನ್ನುವುದಕ್ಕಿಂತ ಪ್ರತಿ ಕ್ಲಿಕ್‌ಗೆ ಒಳಗೆ ಏನಾಗುತ್ತದೆ ಎನ್ನುವುದು ಮುಖ್ಯ. ಚಕ್ರ ಮೇಲೆ ಬರುವಾಗ ಶಾಕ್ ಕೊಡುವ ತಡೆಗೆ ಬಂಪ್ ಅನ್ನುತ್ತಾರೆ, ಕೆಳಗೆ ಹೋಗುವಾಗಿನದಕ್ಕೆ ರಿಬೌಂಡ್. ಒಂದೇ ನಾಬ್ ಇರುವ ಬಹಳಷ್ಟು ಕಿಟ್‌ಗಳಲ್ಲಿ ಮುಖ್ಯವಾಗಿ ಬದಲಾಗುವುದು ರಿಬೌಂಡ್, ಜೊತೆಗೆ ಬಂಪ್ ಸ್ವಲ್ಪ.

ರಿಬೌಂಡ್ ತುಂಬ ಬಿಗಿಯಾದರೆ ಏನಾಗುತ್ತದೆ ಗೊತ್ತಾ? ಒಂದು ಉಬ್ಬಿಗೆ ಚಕ್ರ ಮೇಲೆ ಬಂತು. ಕೆಳಗೆ ಇಳಿಯುವಷ್ಟರಲ್ಲಿ ಇನ್ನೊಂದು ಉಬ್ಬು ಬಂತು. ಮತ್ತೆ ಮೇಲೆ. ಹೀಗೆ ಕಾರು ಉಬ್ಬಿನಿಂದ ಉಬ್ಬಿಗೆ ಕುಗ್ಗುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಓಡಿಸುವವರಿಗೆ ಸ್ಪ್ರಿಂಗೇ ಇಲ್ಲವೇನೋ ಅನ್ನಿಸುತ್ತದೆ. ಆಗ "ಇನ್ನೂ ಬಿಗಿ ಮಾಡೋಣ" ಎಂದು ನಾಬ್ ತಿರುಗಿಸಿ ತೊಂದರೆ ಜಾಸ್ತಿ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಎಲ್ಲ ಕ್ಲಿಕ್ ಬಿಟ್ಟು ಪೂರ್ತಿ ಸಡಿಲದಿಂದ ಶುರು ಮಾಡಿ. ಗೊತ್ತಿರುವ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಹೋಗಿ. ಉಬ್ಬು ದಾಟಿದ ಮೇಲೆ ಮೈ ಎರಡನೇ ಸಲ ಕುಣಿಯುವುದು ನಿಲ್ಲುವವರೆಗೆ ಎರಡೆರಡು ಕ್ಲಿಕ್ ಬಿಗಿ ಮಾಡಿ. ಅಲ್ಲಿ ನಿಲ್ಲಿಸಿ.

ಲೋ ಸ್ಪೀಡ್, ಹೈ ಸ್ಪೀಡ್ ಎಂಬ ಪದಗಳೂ ಬರುತ್ತವೆ. ಇದು ಕಾರಿನ ವೇಗ ಅಲ್ಲ, ಶಾಕ್ ಒಳಗೆ ರಾಡ್ ಓಡುವ ವೇಗ. ತಿರುವಿನಲ್ಲಿ ಮೈ ನಿಧಾನ ವಾಲುವುದು ಲೋ ಸ್ಪೀಡ್. ನಿಧಾನ ಹೋಗುತ್ತಿದ್ದರೂ ಚೂಪಾದ ಗುಂಡಿ ಅಂಚಿಗೆ ಚಕ್ರ ಬಡಿದರೆ ಅದು ಹೈ ಸ್ಪೀಡ್. ಒಳ್ಳೆಯ ಶಾಕ್ ಮೊದಲನೆಯದಕ್ಕೆ ಬಿಗಿಯಾಗಿರುತ್ತದೆ, ಎರಡನೆಯದಕ್ಕೆ ಬಿಟ್ಟುಕೊಡುತ್ತದೆ. ಅಗ್ಗದ್ದರಲ್ಲಿ ಈ ಬುದ್ಧಿ ಇರುವುದಿಲ್ಲ. ಬೆಲೆಯ ವ್ಯತ್ಯಾಸ ಹೆಚ್ಚಾಗಿ ಈ ಕವಾಟಗಳಲ್ಲಿದೆ.

ಬಿಲ್‌ಸ್ಟೀನ್ ಬಿ14ರಲ್ಲಿ ಎತ್ತರ ಮಾತ್ರ ಬದಲಿಸಬಹುದು, ಬಿಗಿಯನ್ನು ಕಂಪನಿಯೇ ಹೊಂದಿಸಿ ಕಳಿಸುತ್ತದೆ. ಬಿ16ರಲ್ಲಿ ಬಂಪ್, ರಿಬೌಂಡ್ ಎರಡೂ ಒಟ್ಟಿಗೆ ಬದಲಾಗುತ್ತವೆ. ಕೆಡಬ್ಲ್ಯೂ ವಿ1ರಲ್ಲಿ ಎತ್ತರ ಮಾತ್ರ, ವಿ2ರಲ್ಲಿ ರಿಬೌಂಡ್ ಸೇರುತ್ತದೆ, ವಿ3ರಲ್ಲಿ ಎರಡೂ ಬೇರೆ ಬೇರೆ. ಮೊದಲ ಸಲ ಹಾಕಿಸುವವರಿಗೆ ನನ್ನ ಸಲಹೆ: ನಾಬ್ ಇಲ್ಲದ ಒಳ್ಳೆಯ ಶಾಕ್, ಮೂವತ್ತು ಕ್ಲಿಕ್ಕಿನ ಸಾಧಾರಣ ಶಾಕ್‌ಗಿಂತ ಮೇಲು.

ಮೊನೊಟ್ಯೂಬ್, ಟ್ವಿನ್ ಟ್ಯೂಬ್ ಚರ್ಚೆಯನ್ನು ಬೇಗ ಮುಗಿಸುತ್ತೇನೆ. ಮೊನೊಟ್ಯೂಬ್‌ಗೆ ಒಂದೇ ಕೊಳವೆ, ಬಿಸಿ ಬೇಗ ಆರುತ್ತದೆ. ಆದರೆ ಕಲ್ಲು ಬಡಿದು ನೆಗ್ಗಿದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬ್‌ಗೆ ಹೊರಗೊಂದು ಕೊಳವೆ ಇರುವುದರಿಂದ ಸಣ್ಣ ನೆಗ್ಗು ತಡೆಯುತ್ತದೆ. ತೋಟದ ಜಲ್ಲಿ ದಾರಿಯಲ್ಲಿ ದಿನಾ ಓಡಾಡುವವರು ಎರಡನೆಯದನ್ನು ಕೀಳಾಗಿ ನೋಡಬೇಕಿಲ್ಲ.

ಹಾಕಿಸುವಾಗ, ಹಾಕಿಸಿದ ಮೇಲೆ

ನನ್ನ ಮೊದಲ ಕಿಟ್ ಅನುಭವ ಕೆಟ್ಟದಾಗಿತ್ತು. ಒಂದು ಅಂಗಡಿಯಲ್ಲಿ "ಇನ್ನೂ ಇಳಿಯುತ್ತೆ" ಎಂದು ಬಂಪ್ ಸ್ಟಾಪ್ ಅರ್ಧ ಕತ್ತರಿಸಿ ಹಾಕಿದರು. ನೋಡಲು ಚೆನ್ನಾಗಿತ್ತು. ಒಂದೇ ಮಳೆಗಾಲದಲ್ಲಿ ಎಡಗಡೆ ಶಾಕ್ ಸೀಲ್ ಹೋಗಿ ಎಣ್ಣೆ ಸುರಿಯಿತು, ಮೇಲಿನ ಮೌಂಟ್ ಬಿರುಕು ಬಿಟ್ಟಿತು. ಸೀಲ್ ಬದಲಿಸೋಣ ಎಂದರೆ ಬಿಡಿಭಾಗ ಸಿಗಲಿಲ್ಲ, ಬಿಚ್ಚುವವರೂ ಸಿಗಲಿಲ್ಲ. ಜೋಡಿ ಶಾಕ್ ಎಸೆಯಬೇಕಾಯಿತು. ಆ ಸಣ್ಣ ರಬ್ಬರ್ ತುಂಡು ಕೊನೆಯ ಏಟನ್ನು ಮೆತ್ತಗೆ ತಡೆಯುವ ಎರಡನೇ ಸ್ಪ್ರಿಂಗ್ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಈಗ ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳುತ್ತೇನೆ. ಒಂದೇ ಶಾಕ್ ಬಿಡಿಯಾಗಿ ಸಿಗುತ್ತದೆಯಾ? ಇಲ್ಲೇ ನಮ್ಮ ದೇಶದಲ್ಲಿ ಬಿಚ್ಚಿ ಎಣ್ಣೆ, ಸೀಲ್ ಬದಲಿಸಿ ಕೊಡುವವರು ಇದ್ದಾರಾ?

ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಹೇಳಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಬರೆದಿದ್ದಾರೆ. ಆರ್‌ಟಿಒದಲ್ಲಿ ಕೇಳಿ, ವಿಮೆಯವರಿಗೆ ಬರಹದಲ್ಲಿ ತಿಳಿಸಿ, ಆಮೇಲೆ ದುಡ್ಡು ಕೊಡಿ. ಕಂಪನಿಯ ಹಳೆಯ ಸ್ಟ್ರಟ್‌ಗಳನ್ನು ಮಾರಬೇಡಿ, ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ.

ಫಿಟ್ ಮಾಡಿದ ದಿನ ಎತ್ತರ ಅಳೆಯುವುದು ನೆಲದಿಂದ ಅಲ್ಲ, ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿಗೆ. ಆಗ ಟೈರ್ ಗಾಳಿಯ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಕೆಳಗಿನ ತೋಳಿನ ರಬ್ಬರ್ ಬುಷ್ ಬೋಲ್ಟುಗಳನ್ನು ಕಾರು ನೆಲಕ್ಕಿಳಿದು ಭಾರ ಬಿದ್ದ ಮೇಲೆ ಬಿಗಿ ಮಾಡಿಸಿ. ಕಾರು ಎತ್ತಿರುವಾಗಲೇ ಬಿಗಿ ಮಾಡಿದರೆ ಬುಷ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹೊಸ ಸ್ಪ್ರಿಂಗ್ ಕೆಲವು ನೂರು ಕಿ.ಮೀ. ಓಡಿ ಕೂತುಕೊಂಡ ಮೇಲೆ ಎತ್ತರ ಮತ್ತೆ ಅಳೆದು, ಆಮೇಲೆ ವೀಲ್ ಅಲೈನ್‌ಮೆಂಟ್. ಅಲೈನ್‌ಮೆಂಟ್ ಆದ ಮೇಲೆ ಎತ್ತರ ಬದಲಿಸಿದರೆ ಅದನ್ನು ಪುನಃ ಮಾಡಿಸಲೇಬೇಕು. ಹೆಡ್‌ಲೈಟ್ ಮಟ್ಟವನ್ನೂ ನೋಡಿ. ಘಾಟಿಯಲ್ಲಿ ಎದುರಿನವರ ಕಣ್ಣಿಗೆ ಬೆಳಕು ಹೊಡೆಯಬಾರದು.

ಮಲೆನಾಡಿನ ಮಳೆ ಕಾಯಿಲ್‌ಓವರ್‌ಗೆ ಒಳ್ಳೆಯದಲ್ಲ. ಕೆಮ್ಮಣ್ಣು ಥ್ರೆಡ್ ಸಂದಿಗೆ ಹೋಗಿ ಒಣಗಿದರೆ ಕಾಲರ್ ಕಲ್ಲಿನಂತೆ ಕೂತುಬಿಡುತ್ತದೆ. ಸುತ್ತಿಗೆ ಹಿಡಿದು ಬಿಡಿಸಲು ಹೋದರೆ ಥ್ರೆಡ್ ಹಾಳು. ಜೂನ್‌ಗೆ ಮುಂಚೆ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ನೀರು ಹಾಕಿ ತೊಳೆದು, ಒಣಗಿದ ಮೇಲೆ ತೆಳ್ಳಗೆ ಆ್ಯಂಟಿ ಸೀಜ್ ಪೇಸ್ಟ್ ಸವರಿ. ಕಾಲರ್ ಮೇಲೂ ಕೊಳವೆಯ ಮೇಲೂ ಸೇರುವಂತೆ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ತಪ್ಪಿದ್ದರೆ ಕಾಲರ್ ತಿರುಗಿದೆ ಎಂದು ಕೂಡಲೇ ಗೊತ್ತಾಗುತ್ತದೆ.

ಆಲ್ದೂರಿನ ಹುಡುಗ ಕೊನೆಗೆ ನಾಬ್ ಇಲ್ಲದ ಕಿಟ್ ತಂದ. 15 ಮಿ.ಮೀ. ಮಾತ್ರ ಇಳಿಸಿದೆವು. ಮತ್ತೆ ಟೈ ಕಟ್ಟಿ ಅದೇ ದಾರಿಯಲ್ಲಿ ಹೋಗಿ ಬಂದೆವು. ಆ ಹಂಪಿನ ಮೇಲೆ ಬೇಕೆಂದೇ ಮೊದಲ ದಿನದಷ್ಟೇ ವೇಗದಲ್ಲಿ ಹತ್ತಿಸಿದ. ಶೆಡ್ಡಿನಲ್ಲಿ ಟಾರ್ಚ್ ಬಿಟ್ಟು ಅಳೆದರೆ 41 ಮಿ.ಮೀ. ಟೈಗೂ ಬಂಪ್ ಸ್ಟಾಪ್‌ಗೂ ನಡುವೆ ನನ್ನ ಕಿರುಬೆರಳು ಹಿಡಿಸುವಷ್ಟು ಜಾಗ ಇನ್ನೂ ಇತ್ತು.